ಎತ್ತರದ ಹುಡುಗನ ಅರ್ಧ ಕಥೆ

ಆಟಗಾರರ ಜೀವನಚರಿತ್ರೆ ಹೇಳುವವರಿಗೆ ಒಂದು ದೊಡ್ಡ ಸೌಕರ್ಯವುಂಟು. ಅವರನ್ನು ಕೆಡಿಸುವುದೂ ಅದೇ. ಕಥೆಗೆ ಬೇಕಾದ ಏರು, ಇಳಿತ, ಕುತೂಹಲ, ಕಡೆಗೊಂದು ಜಯಘೋಷ, ಇಷ್ಟನ್ನೂ ಆಟವೇ ಅಚ್ಚುಕಟ್ಟಾಗಿ ಒದಗಿಸಿಬಿಡುತ್ತದೆ. ಜಯಘೋಷದ ಹೊತ್ತಿಗೆ ಲೇಖನಿ ಕೆಳಗಿಟ್ಟರಾಯಿತು. ಓದುಗ ಕಣ್ಣೊರಸಿಕೊಂಡು ಎದ್ದುಹೋಗುತ್ತಾನೆ. ಆದರೆ ಆ ಗಳಿಗೆಯಲ್ಲಿ ಎಷ್ಟೋ ಆಟಗಾರರಿಗೆ ಇಪ್ಪತ್ತು ಕೂಡ ತುಂಬಿರುವುದಿಲ್ಲ. ಮುಂದಿನ ನಾಲ್ವತ್ತು ಐವತ್ತು ವರ್ಷ ಅವನು ಏನು ಮಾಡಿದ? ಈ ಪ್ರಶ್ನೆಯನ್ನು ಕೇಳುವ ಪುಸ್ತಕಗಳು ಕಡಮೆ, ಚಲನಚಿತ್ರಗಳು ಇನ್ನೂ ಕಡಮೆ.

ಈ ವಿಚಾರ ನನ್ನನ್ನು ಕಾಡತೊಡಗಿದ್ದು 'ಒನ್ ಇನ್ ಎ ಬಿಲಿಯನ್' ಎಂಬ ಸಾಕ್ಷ್ಯಚಿತ್ರವನ್ನು ಈಚೆಗೆ ಎರಡನೆಯ ಸಲ ನೋಡಿದಾಗ. ರೋಮನ್ ಗ್ಯಾಕೋವ್‌ಸ್ಕಿ ನಿರ್ದೇಶಿಸಿದ ಈ ಚಿತ್ರ 2016ರಲ್ಲಿ ಹೊರಬಂದಿತು. ಸತ್ನಾಮ್ ಸಿಂಗ್ ಭಮರಾ ಎಂಬ ಬಾಸ್ಕೆಟ್‌ಬಾಲ್ ಆಟಗಾರ ಇದರ ನಾಯಕ. ಸಾಹಿತ್ಯದ ಪುಟದಲ್ಲಿ ಚೆಂಡಾಟಕ್ಕೇನು ಕೆಲಸ ಎಂದು ಹುಬ್ಬೇರಿಸುವ ಓದುಗರು ಇದ್ದಾರೆಂದು ಬಲ್ಲೆ. ಅವರು ದಯವಿಟ್ಟು ಸ್ವಲ್ಪ ತಾಳಬೇಕು. ರನ್ನನವರೆಗೆ ಹೋಗುವ ದಾರಿ ಇದರಲ್ಲಿದೆ.

ಮೊದಲು ಕಥೆ. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಒಂದು ಸಣ್ಣ ಹಳ್ಳಿ. ಅಲ್ಲಿಯ ರೈತ ಬಲ್ಬೀರ್ ಸಿಂಗ್ ಏಳಡಿಯ ಆಳು. ಬಾಸ್ಕೆಟ್‌ಬಾಲ್ ಆಡೆಂದು ಹರೆಯದಲ್ಲಿ ಅವರಿಗೂ ಹೇಳಿದವರಿದ್ದರು. ಹೊಲ ನೋಡುವವರು ಯಾರು? ಮನೆಯವರು ಕಳಿಸಲಿಲ್ಲ. ಅವರ ಮಗ ಸತ್ನಾಮ್ 1995ರ ಡಿಸೆಂಬರಿನಲ್ಲಿ ಹುಟ್ಟಿದ. ಹತ್ತರ ಸುಮಾರಿನಲ್ಲಿ ಲುಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿ ಸೇರಿ ಎಸ್. ಸುಬ್ರಮಣಿಯನ್ ಅವರ ಕೈಯಲ್ಲಿ ಪಳಗಿದ. 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಫ್ಲಾರಿಡಾದ ಐ.ಎಂ.ಜಿ. ಅಕಾಡೆಮಿಗೆ ಹೊರಟುಹೋದ. ಇಂಗ್ಲಿಷು ಅಷ್ಟಕ್ಕಷ್ಟೆ. 2015ರ ಜೂನ್ 25ರಂದು ಅಮೆರಿಕದ ಎನ್.ಬಿ.ಎ. ಸಂಸ್ಥೆಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 'ಡ್ರಾಫ್ಟ್' ನಡೆಯಿತು. ಅರವತ್ತು ಹೆಸರುಗಳಲ್ಲಿ ಐವತ್ತೆರಡನೆಯದು ಸತ್ನಾಮನದು. ಕರೆದವರು ಡಲ್ಲಾಸ್ ಮ್ಯಾವೆರಿಕ್ಸ್ ತಂಡದವರು. ಭಾರತದಲ್ಲಿ ಹುಟ್ಟಿದ ಒಬ್ಬನಿಗೆ ಆ ಕರೆ ಬಂದದ್ದು ಅದೇ ಮೊದಲು. ಆಗ ಅವನ ಎತ್ತರ ಏಳಡಿ ಎರಡಂಗುಲ, ವಯಸ್ಸು ಹತ್ತೊಂಬತ್ತು.

ಚಿತ್ರ ಇಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ಮೆಚ್ಚತಕ್ಕದ್ದು ಬೇಕಾದಷ್ಟಿದೆ. ತಂದೆಯ ಕೈತಪ್ಪಿದ ಆಟ ಮಗನಿಗೆ ದಕ್ಕಿತೆಂಬ ಎಳೆ ನಿಜವಾದ ಎಳೆ. ನನಗೆ ಸತ್ನಾಮನಿಗಿಂತ ಬಲ್ಬೀರರೇ ಹೆಚ್ಚು ನೆನಪಿನಲ್ಲುಳಿದರು. ತಾನು ಹೋಗದೆ ಉಳಿದ ದಾರಿಯಲ್ಲಿ ಮಗನನ್ನು ಕಳಿಸಿ ಹೊಲದಲ್ಲಿ ನಿಂತ ಮನುಷ್ಯನನ್ನು ಯಾವ ಕಾದಂಬರಿಕಾರನಾದರೂ ಆಸೆಪಡಬೇಕು. ಆದರೆ ಚಿತ್ರದ ಹೆಸರನ್ನು ನೋಡಿ: ನೂರು ಕೋಟಿಗೊಬ್ಬ! ಹೊಗಳಿಕೆಯಂತೆ ಕೇಳುವ ಈ ಮಾತಿನೊಳಗೆ ಒಂದು ಲೆಕ್ಕವಿದೆ. ಆ ನೂರು ಕೋಟಿ ಎನ್.ಬಿ.ಎ.ಗೆ ಇನ್ನೂ ದಕ್ಕದ ಪ್ರೇಕ್ಷಕರ ಸಂಖ್ಯೆಯೂ ಹೌದು. ಹತ್ತೊಂಬತ್ತರ ಹುಡುಗನ ಹೆಗಲಿಗೆ ಒಂದು ದೇಶವನ್ನೂ ಒಂದು ಮಾರುಕಟ್ಟೆಯನ್ನೂ ಒಟ್ಟಿಗೆ ಏರಿಸಿ, ಅವನು ಎದ್ದುನಿಂತೊಡನೆ ಚಪ್ಪಾಳೆ ತಟ್ಟಿ, ದೀಪ ಆರಿಸುವುದು ಕಲೆಯ ದೃಷ್ಟಿಯಿಂದಲೂ ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ದೀಪ ಆರಿದ ಮೇಲೆ ನಡೆದದ್ದೇನು? ಸತ್ನಾಮ್ ಎನ್.ಬಿ.ಎ.ಯ ಋತುವಿನ ಒಂದು ಪಂದ್ಯವನ್ನೂ ಆಡಲಿಲ್ಲ. ಮ್ಯಾವೆರಿಕ್ಸಿನ ಮರಿ ತಂಡವಾದ ಟೆಕ್ಸಾಸ್ ಲೆಜೆಂಡ್ಸಿನಲ್ಲಿ ಎರಡು ಋತು ಕಳೆದ, ಬಹುಪಾಲು ಬೆಂಚಿನ ಮೇಲೆ. 2018ರಲ್ಲಿ ಕೆನಡದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಹೋದ. ನಡುವೆ ಭಾರತದ ಪರವಾಗಿಯೂ ಆಡಿದ.

ಅವನು ಸೋಮಾರಿಯೆಂದೋ ಅದೃಷ್ಟಹೀನನೆಂದೋ ಹೇಳಿ ಮುಗಿಸುವುದು ಸುಲಭ. ನಿಜವಾದ ಕಾರಣ ಆಟದೊಳಗೇ ಇತ್ತು. ಬಾಸ್ಕೆಟ್‌ಬಾಲಿನ ಬುಟ್ಟಿ ನೆಲದಿಂದ ಹತ್ತಡಿ ಎತ್ತರದಲ್ಲಿರುತ್ತದೆ. ಏಳಡಿಯ ಆಳು ಅದರ ಕೆಳಗೆ ಕಂಬದಂತೆ ನಿಂತರೆ ಅರ್ಧ ಆಟ ಗೆದ್ದಂತೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಆ ನಂಬಿಕೆ ಕುಸಿದದ್ದು ಸರಿಯಾಗಿ ಆ ವರ್ಷಗಳಲ್ಲಿಯೇ. 2015ರ ಜೂನಿನಲ್ಲಿ, ಸತ್ನಾಮನ ಹೆಸರು ಕೂಗುವುದಕ್ಕೆ ಎರಡು ವಾರ ಮೊದಲು, ಅಂತಿಮ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದವರು ಏಳಡಿಯ ಆಂಡ್ರ್ಯೂ ಬೋಗಟ್ ಬದಲಿಗೆ ಅವನಿಗಿಂತ ಗಿಡ್ಡನಾದ ಆಂಡ್ರೆ ಇಗುಡಾಲನನ್ನು ಮೊದಲಿಗೇ ಇಳಿಸಿ, ಓಡುವ, ದೂರದಿಂದ ಚೆಂಡೆಸೆಯುವ ಆಟವಾಡಿ ಪ್ರಶಸ್ತಿ ಗೆದ್ದರು. ಅಲ್ಲಿಂದಾಚೆಗೆ ಎಲ್ಲರಿಗೂ ಅದೇ ಹುಚ್ಚು. ಅಂದರೆ ಹತ್ತು ವರ್ಷ ಯಾವ ಕೆಲಸಕ್ಕೆಂದು ಹುಡುಗನನ್ನು ತಿದ್ದಿ ತೀಡಿದರೋ ಆ ಕೆಲಸವೇ ಅವನು ಬಾಗಿಲಿಗೆ ಬರುವ ಹೊತ್ತಿಗೆ ಇಲ್ಲವಾಗುತ್ತಿತ್ತು. ನೇಕಾರನ ಮಗ ಮಗ್ಗ ಕಲಿತು ಮುಗಿಸುವಾಗ ಊರಿಗೆ ಗಿರಣಿ ಬಂದಂತೆ. ಈ ಸಂಗತಿಯನ್ನು ಕಥನದ ನಡುಮನೆಗೆ ತಂದಿದ್ದರೆ ಚಿತ್ರದ ತೂಕವೇ ಬೇರೆಯಾಗುತ್ತಿತ್ತು.

ಈಗ ರನ್ನ. 'ಗದಾಯುದ್ಧ'ವನ್ನು ಪಾಠ ಹೇಳುವ ನಾವೆಲ್ಲ ಸಿಂಹಾವಲೋಕನ ಕ್ರಮವೆಂದು ಬಾಯಿಪಾಠದಂತೆ ಒಪ್ಪಿಸುತ್ತೇವೆ. ಆ ಕ್ರಮದ ಕೆಚ್ಚು ಎಂಥದೆಂದು ನನಗೆ ಮನವರಿಕೆಯಾದದ್ದು ಈ ಚಿತ್ರದ ದೋಷವನ್ನು ಯೋಚಿಸುವಾಗ. ರನ್ನ ಭಾರತದ ಕಥೆಯನ್ನು ಆದಿಯಿಂದ ಹೇಳಿ ಗೆಲುವಿನ ಬಳಿ ನಿಲ್ಲಿಸಲಿಲ್ಲ. ಕಟ್ಟಕಡೆಯ ದಿನವನ್ನು ಹಿಡಿದು, ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನನ್ನು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಸಿದ. ಹಿಂದಿನದೆಲ್ಲವೂ ಆ ನಡಿಗೆಯಲ್ಲಿ ತಾನಾಗಿ ತಿರುಗಿ ಬಂದಿತು. ಕಾವ್ಯದ ಹೆಸರಿನ ನಾಯಕ ಭೀಮ, ಆಶ್ರಯದಾತ ಸತ್ಯಾಶ್ರಯನಿಗೆ ಸಮೀಕರಿಸಿದ ಭೀಮ. ಆದರೂ ಓದಿದವನ ಮನಸ್ಸಿನಲ್ಲಿ ನಿಲ್ಲುವವನು ಸೋತವನು. ದೊರೆಯ ಅನ್ನ ಉಂಡ ಕವಿಗೆ ಸಾಧ್ಯವಾದ ಈ ಔದಾರ್ಯ ನಮ್ಮ ಕಾಲದ ಕ್ಯಾಮೆರಾಗಳಿಗೆ ಏಕೆ ಸಾಧ್ಯವಾಗಬಾರದು?

ಸಾಧ್ಯವಿಲ್ಲವೆಂದಲ್ಲ. ಅಮೆರಿಕದವರೇ ಮಾಡಿ ತೋರಿಸಿದ್ದಾರೆ. ಸ್ಟೀವ್ ಜೇಮ್ಸ್‌ನ 'ಹೂಪ್ ಡ್ರೀಮ್ಸ್' 1994ರಲ್ಲಿ ತೆರೆಕಂಡಿತು. ಷಿಕಾಗೋದ ವಿಲಿಯಂ ಗೇಟ್ಸ್, ಆರ್ಥರ್ ಏಜೀ ಎಂಬ ಇಬ್ಬರು ಬಡ ಹುಡುಗರ ಹಿಂದೆ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಓಡಾಡಿ ತೆಗೆದ, ಮೂರು ಗಂಟೆಗೆ ಸ್ವಲ್ಪ ಕಡಮೆಯ ಚಿತ್ರ. ಇಬ್ಬರಲ್ಲಿ ಒಬ್ಬನೂ ಎನ್.ಬಿ.ಎ. ಸೇರಲಿಲ್ಲ. ಒಬ್ಬನ ಮೊಣಕಾಲು ಹೋಗುತ್ತದೆ, ಇನ್ನೊಬ್ಬ ಫೀಸು ಕಟ್ಟಲಾರದೆ ಶಾಲೆ ಬಿಡುತ್ತಾನೆ. ಆ ಚಿತ್ರದಲ್ಲಿ ನನಗೆ ಅತ್ಯಂತ ದೊಡ್ಡ ಗೆಲುವೆನಿಸಿದ್ದು ಆಟದ ಅಂಗಳದಲ್ಲಿ ನಡೆಯುವುದೇ ಇಲ್ಲ. ಆರ್ಥರನ ತಾಯಿ ಶೀಲಾ ದಾದಿಯ ಸಹಾಯಕಿಯ ತರಬೇತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆಯುತ್ತಾಳೆ. ಅದನ್ನು ಕೇಳಿ ಆಕೆ ಅಳುವುದನ್ನು ಕಂಡವರು ಚೆಂಡನ್ನು ಮರೆತುಬಿಡುತ್ತಾರೆ. ಜಾನ್ ಅಪ್‌ಡೈಕನಂತೂ ಆಟ ಮುಗಿದವನನ್ನು ಸಾಹಿತ್ಯಕ್ಕೇ ತಂದವನು. 1958ರ ಅವನ ಮೊದಲ ಕವನ ಸಂಕಲನದಲ್ಲಿ, ಶಾಲೆಯ ದಿನಗಳಲ್ಲಿ ದಾಖಲೆ ಮಾಡಿ ಈಗ ಪೆಟ್ರೋಲ್ ಬಂಕಿನ ಕೆಲಸದಲ್ಲಿರುವ ಹಳೆಯ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನಿದ್ದಾನೆ. 1960ರ 'ರ‍್ಯಾಬಿಟ್, ರನ್' ಕಾದಂಬರಿಯ ನಾಯಕ ಅಂಥವನೇ. ಇಪ್ಪತ್ತಾರರ ವಯಸ್ಸಿಗೆ ತರಕಾರಿ ಸಿಪ್ಪೆ ಹೆರೆಯುವ ಸಾಧನವನ್ನು ಮಾರಿಕೊಂಡು ತಿರುಗುತ್ತಾನೆ.

ನಮ್ಮಲ್ಲಿ? ಕನ್ನಡದಲ್ಲಿ ಆಟಗಾರರ ಬಗ್ಗೆ ಬರುವುದು ಹೆಚ್ಚಾಗಿ ಪರಿಚಯ ಪುಸ್ತಿಕೆ, ಇಲ್ಲವೆ ಅಭಿನಂದನ ಗ್ರಂಥದ ಲೇಖನ. ಎರಡರಲ್ಲಿಯೂ ಯಾರೂ ಸೋಲುವುದಿಲ್ಲ.

ಇದು ಬರಿಯ ಸಾಹಿತ್ಯದ ಕೊರತೆಯಲ್ಲವೆಂದು ಕವಿತಾಳದಂಥ ಊರಿನಲ್ಲಿರುವವನಿಗೆ ಬೇಗ ತಿಳಿಯುತ್ತದೆ. ರಾಯಚೂರು–ಲಿಂಗಸುಗೂರು ರಸ್ತೆಯ ಈ ಊರಿನ ಸುತ್ತ ಕಾಲುವೆಯ ನೀರನ್ನೂ ಮಳೆಯನ್ನೂ ನೋಡುತ್ತ ಬದುಕುವ ಹಳ್ಳಿಗಳಿವೆ. ಜಾತ್ರೆಗೆ ಉಸುಕಿನ ಚೀಲ ಎತ್ತುವ ಪಣ, ಗುಂಡು ಎತ್ತುವ ಪಣ, ಕುಸ್ತಿ. ಗೆದ್ದವನಿಗೆ ಬೆಳ್ಳಿಯ ಕಡಗ. ಕಡಗ ಯಾವತ್ತೋ ಸಾಹುಕಾರನ ಪೆಟ್ಟಿಗೆ ಸೇರಿದ್ದರೂ ಚಹದ ಅಂಗಡಿಯಲ್ಲಿ ಆ ಮುದುಕ ಇಂದಿಗೂ 'ಪೈಲ್ವಾನ'ನೇ. ಹುಡುಗರು ಎದ್ದು ಜಾಗ ಕೊಡುತ್ತಾರೆ. ಹಳ್ಳಿ ತನ್ನ ಆಟಗಾರನಿಗೆ ಹಣ ಕೊಡಲಿಲ್ಲ, ಆದರೆ ಸಾಯುವ ತನಕ ಬಾಳುವ ಹೆಸರು ಕೊಟ್ಟಿತು. ವೃತ್ತಿಪರ ಆಟ ಹಣ ಕೊಡುತ್ತದೆ, ಹೆಸರನ್ನು ಮಾತ್ರ ಬಾಡಿಗೆಗೆ ಕೊಡುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಂದಿನಿಂದ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಪ್ರತಿವರ್ಷ ಒಬ್ಬಿಬ್ಬರಾದರೂ "ಸರ್, ಓದು ಬಿಟ್ಟು ಆಟಕ್ಕ ಹೋದ್ರ ಹೆಂಗ್ರಿ?" ಎಂದು ಕೇಳುವವರು ಸಿಗುತ್ತಾರೆ. ಕೈಗೆ ಕೊಡಲು ನನ್ನಲ್ಲಿ ಒಂದು ಕನ್ನಡ ಪುಸ್ತಕವಿಲ್ಲ. ಗೆದ್ದವರ ಕಥೆ ಅವರಿಗೆ ಆಗಲೇ ಗೊತ್ತಿದೆ. ತಂಡದ ಬೆಂಚಿನ ಮೇಲೆ ಎರಡು ವರ್ಷ ಕೂತವನ ದಿನಗಳು ಹೇಗಿರುತ್ತವೆ, ಮನೆಗೆ ಫೋನು ಮಾಡಿದಾಗ ಏನು ಹೇಳುತ್ತಾನೆ ಎಂಬುದು ಗೊತ್ತಿಲ್ಲ.

ಪಂಪನ 'ಆದಿಪುರಾಣ'ದ ನೀಲಾಂಜನೆಯ ಪ್ರಸಂಗವನ್ನು ಓದುಗರು ಬಲ್ಲರು. ಕುಣಿಯುತ್ತಿದ್ದಂತೆಯೇ ಅವಳ ಆಯುಸ್ಸು ತೀರುತ್ತದೆ, ರಸಭಂಗವಾದೀತೆಂದು ಇಂದ್ರ ಅಂಥವಳೇ ಇನ್ನೊಬ್ಬಳನ್ನು ತಕ್ಷಣ ನಿಲ್ಲಿಸುತ್ತಾನೆ, ನಾಟ್ಯ ನಿಲ್ಲುವುದಿಲ್ಲ. ಸಭೆಯಲ್ಲಿ ಅದನ್ನು ಕಂಡವನು ಆದಿದೇವನೊಬ್ಬನೇ. ವೈರಾಗ್ಯದ ಮಾತು ಹಾಗಿರಲಿ. ಒಬ್ಬ ಕುಸಿದನೆಂದು ಆಟ ನಿಲ್ಲದ, ಕುಸಿದದ್ದು ನೋಡುವವರಿಗೆ ತಿಳಿಯದ ವ್ಯವಸ್ಥೆಯನ್ನು ಇದಕ್ಕಿಂತ ಖಚಿತವಾಗಿ ಯಾರೂ ಚಿತ್ರಿಸಿದ್ದನ್ನು ನಾನು ಓದಿಲ್ಲ. ವಿಮರ್ಶಕನಿಗೂ ಕಥೆಗಾರನಿಗೂ ಬೇಕಾದದ್ದು ಆ ಕಣ್ಣು.

ಸತ್ನಾಮನ ವಿಷಯದಲ್ಲಿ ಆ ಕಣ್ಣು ಬೇಕಾಗಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 2019ರ ನವೆಂಬರಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು ಅಲ್ಲಿ ನಡೆದ ತಯಾರಿಯ ಶಿಬಿರದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದವರು ಅವನನ್ನು ಪರೀಕ್ಷೆ ಮಾಡಿದರು. ಹಿಜೆನಮೈನ್ ಎಂಬ ನಿಷಿದ್ಧ ವಸ್ತು ಕಂಡುಬಂದಿತು. ಕೆಲವು ಗಿಡಮೂಲಗಳಲ್ಲಿಯೂ ಪೂರಕ ಆಹಾರಗಳಲ್ಲಿಯೂ ಇರುವ ವಸ್ತುವದು. ಸತ್ನಾಮ್ ಅಲ್ಲಗಳೆದು ವಿಚಾರಣೆ ಬೇಡಿದ. ಮಂಡಳಿ ಒಪ್ಪದೆ, 2021ರ ನವೆಂಬರ್ 18ರವರೆಗೆ ಎರಡು ವರ್ಷ ಬಹಿಷ್ಕಾರ ವಿಧಿಸಿತು. ತೀರ್ಪಿನ ಸರಿತಪ್ಪು ನನ್ನ ವಿಷಯವಲ್ಲ. ನೂರು ಕೋಟಿಗೊಬ್ಬನೆಂದು ಕರೆಸಿಕೊಂಡವನು ಇಪ್ಪತ್ತನಾಲ್ಕು ತುಂಬುವುದಕ್ಕೆ ಮೊದಲೇ ತನ್ನ ಆಟವನ್ನು ಆಡುವ ಹಕ್ಕು ಕಳೆದುಕೊಂಡ ದಿನ ಅದು. ಅಲ್ಲಿ ಯಾವ ಸಾಕ್ಷ್ಯಚಿತ್ರವೂ ಇಲ್ಲ.

ಆಮೇಲೆ ಅವನು ಅಮೆರಿಕದ ಆಲ್ ಎಲೀಟ್ ರೆಸ್ಲಿಂಗ್ ಎಂಬ ಕಂಪನಿ ಸೇರಿ, 2022ರ ಏಪ್ರಿಲ್‌ನಲ್ಲಿ ಕುಸ್ತಿಯ ಕಣದಲ್ಲಿ ಕಾಣಿಸಿಕೊಂಡ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಡುವ ಕುಸ್ತಿ ಅದು. ಕೆಲವು ಗೆಳೆಯರು ನಕ್ಕರು. ನಗುವಂಥದೇನೂ ನನಗೆ ಕಾಣಲಿಲ್ಲ. ನಮ್ಮ ದೊಡ್ಡಾಟದ ಭೀಮನಿಗೂ ದುರ್ಯೋಧನನ ತೊಡೆ ಮುರಿಯುವುದು ಮೊದಲೇ ಗೊತ್ತು. ಬೆಳಗಿನವರೆಗೆ ಅವನು ಬೆವರುವುದು ಸುಳ್ಳಲ್ಲ. ಎತ್ತರವನ್ನು ಕಂಡೇ ಕರೆದ ಲೋಕದಲ್ಲಿ, ಎತ್ತರವೊಂದೇ ಸಾಕೆಂದ ಅಂಗಳವನ್ನು ಅವನು ಕಡೆಗೆ ಹುಡುಕಿಕೊಂಡ. ಅದು ಅವನ ಬುದ್ಧಿವಂತಿಕೆಯೋ, ಬೇರೆ ದಾರಿಯಿಲ್ಲದ ಪಾಡೋ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕು. ಉಳಿದ ಅರ್ಧ ಕಥೆಯನ್ನು ಯಾರಾದರೂ ಚಿತ್ರ ತೆಗೆಯುವುದಾದರೆ ಬೆಂಗಳೂರಿನ ಆ ಶಿಬಿರದಿಂದ ಆರಂಭಿಸಲಿ, ರನ್ನನಂತೆ ಹಿಂದಕ್ಕೆ ನೋಡಲಿ. ಬಲ್ಲೋಕೆಗೆ ಹೋದಾಗ ಈ ಸಲ ಬಲ್ಬೀರ್ ಸಿಂಗರನ್ನು ಸ್ವಲ್ಪ ಹೆಚ್ಚು ಹೊತ್ತು ಮಾತನಾಡಿಸಲಿ.