ಚೆಂಡೆಗೆ ಎಷ್ಟು ಹತ್ತಿರ?

ಯಕ್ಷಗಾನ ಬಯಲಾಟಕ್ಕೆ ಹೋದವರು ಮೊದಲ ಸಾಲಿನ ಕುರ್ಚಿಗೆ ಮುಗಿಬೀಳುತ್ತಾರೆ. ವೇಷ ನೋಡಲು ಅದು ಒಳ್ಳೆಯ ಜಾಗ, ಕೇಳಲು ಅಲ್ಲ. ಮೈಕ್ ಬರುವ ಮೊದಲೇ ಗದ್ದೆಯಾಚೆಯ ಮನೆಗಳಿಗೂ ಆಟದ ಸುದ್ದಿ ಮುಟ್ಟಿಸುತ್ತಿದ್ದ ವಾದ್ಯ ಚೆಂಡೆ. ಈಗ ಅದಕ್ಕೂ ಮೈಕ್ ಇಟ್ಟು, ರಂಗಸ್ಥಳದ ಇಕ್ಕೆಲದಲ್ಲಿ ಕಿವಿಯ ಎತ್ತರಕ್ಕೇ ಸ್ಪೀಕರ್ ನಿಲ್ಲಿಸುತ್ತಾರೆ.

ಗದ್ದಲದಲ್ಲಿ ದುಡಿಯುವವರಿಗೆ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿಕೊಟ್ಟ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಮುಟ್ಟಿದರೆ ಉಳಿಯುವುದು 15 ನಿಮಿಷ. ಬೆಳಗಿನವರೆಗಿನ ಆಟ ಹಾಗಿರಲಿ, ಕಾಲಮಿತಿಯ ಪ್ರಸಂಗಕ್ಕೂ ಅದು ಸಾಲದು.

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಬ್ಬರದ ಸದ್ದಿಗೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸನ್ನು ಗ್ರಹಿಸುವ ಕೋಶಗಳು. ರಸಿಕನಿಗೆ ಇದು ದೊಡ್ಡ ನಷ್ಟ. ಚೆಂಡೆ ಆಗಲೂ ಕೇಳುತ್ತಲೇ ಇರುತ್ತದೆ, ಹಾಗಾಗಿ ಕಿವಿ ಚೆನ್ನಾಗಿದೆಯೆಂದೇ ನಂಬುತ್ತೇವೆ. ಕೈಬಿಡುವುದು ಮಾತು. ಸ, ಶ, ತ, ಕಗಳ ಅಂಚು ಮಸುಕಾಗಿ, ಅರ್ಥಗಾರಿಕೆ ಗೊಣಗಿನಂತಾಗುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಧ್ವನಿಮುದ್ರಣದಲ್ಲಿ ಕೇಳುವಾಗ ವಾಕ್ಯದ ಕೊನೆಯ ಮೊನೆ ತಪ್ಪಿಹೋದರೆ ಉಳಿಯುವುದಾದರೂ ಏನು?

ಹಾಗಾಗಿ ಹಿಂದೆ ಕೂರಿ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಕಿವಿ ತಾಳುವ ಹೊತ್ತು ನಾಲ್ಕು ಪಟ್ಟಾಗುತ್ತದೆ. ಭಾಗವತರ ಏರುಶ್ರುತಿ, ಮದ್ದಳೆಯ ನಾದ, ಚೆಂಡೆಯ ಪೆಟ್ಟು ಮೂರೂ ಹದವಾಗಿ ಬೆರೆಯುವುದೂ ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತಿರವೇ ಕೂರಬೇಕೆಂದಿದ್ದರೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಮೆಡಿಕಲ್ ಅಂಗಡಿಯ ಸ್ಪಂಜಿನದು ಕಿವಿ ಕಾಯುತ್ತದೆ, ಆದರೆ ಏರುಸ್ವರಗಳನ್ನೇ ಹೆಚ್ಚು ನುಂಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ್ದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ನಾದದ ಬಣ್ಣ ಕೆಡುವುದಿಲ್ಲ.

ಆಟ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಪೆಟ್ಟು ಬಿದ್ದದ್ದರ ಸೂಚನೆ. ಮರುದಿನ ಇಯರ್‌ಫೋನ್ ಮುಟ್ಟಬೇಡಿ. ಗುಂಯ್‌ಗುಡುವುದು ನಿಲ್ಲದಿದ್ದರೆ ತಪಾಸಣೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲೇ ದುಡಿಯುತ್ತಿದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರಂತೂ ಅಂದೇ ವೈದ್ಯರ ಬಳಿ ಹೋಗಿ.

ಸಂಘಟಕರಲ್ಲಿ ಒಂದು ಕೋರಿಕೆ: ಸ್ಪೀಕರುಗಳನ್ನು ತಲೆಗಿಂತ ಮೇಲೆ ಕಟ್ಟಿಸಿ. ಅವುಗಳ ಬುಡದಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿದವರನ್ನು ಕಂಡರೆ, ಆಟ ಶುರುವಾಗುವ ಮೊದಲೇ ಹಿಂದಕ್ಕೆ ಕಳುಹಿಸಿ.