ಗೆಲುವಿನ ಕೀರ್ತಿ ಯಾರ ಪಾಲಿಗೆ?

ತಂಡವೊಂದು ಗೆದ್ದಾಗ ಹೂಮಾಲೆ ಯಾರ ಕೊರಳಿಗೆ ಬೀಳಬೇಕು? ಗೋಲು ಹೊಡೆದವನಿಗೋ, ಆಟ ಕಲಿಸಿದವನಿಗೋ, ಅವರಿಬ್ಬರನ್ನೂ ಹುಡುಕಿ ತಂದವನಿಗೋ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಈ ಮೂರನೆಯವನಿಗೆ ಜನರಲ್ ಮ್ಯಾನೇಜರ್ ಎಂದು ಹೆಸರು. ನಮ್ಮ ಫುಟ್‌ಬಾಲಿನಲ್ಲಿ ಹೆಚ್ಚುಕಡಿಮೆ ಇದೇ ಕೆಲಸದವನನ್ನು ಸ್ಪೋರ್ಟಿಂಗ್ ಡೈರೆಕ್ಟರ್ ಎನ್ನುತ್ತಾರೆ.

ವರ್ಗವಾಗಿ ಕೆಲವು ವರ್ಷ ಕೊಚ್ಚಿಯಲ್ಲಿದ್ದ ನಾವು, ಕಲೂರು ಕ್ರೀಡಾಂಗಣ ಹಳದಿ ಬಣ್ಣದಲ್ಲಿ ಮುಳುಗುವುದನ್ನು ಕಣ್ಣಾರೆ ಕಂಡಿದ್ದೇವೆ. ಅಲ್ಲಿನ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಲಿಥುವೇನಿಯದ ಕರೋಲಿಸ್ ಸ್ಕಿನ್ಕಿಸ್ 2020ರಲ್ಲಿ ಡೈರೆಕ್ಟರಾಗಿ ಬಂದರು. ಮೊದಲ ವರ್ಷ ತಂಡ 20 ಪಂದ್ಯಗಳಲ್ಲಿ 17 ಅಂಕ ಗಳಿಸಿ, 11 ತಂಡಗಳಲ್ಲಿ ಹತ್ತನೆಯದಾಯಿತು. ಮರುವರ್ಷ ಇವಾನ್ ವುಕೊಮಾನೊವಿಚ್ ತರಬೇತುದಾರರಾದರು. ವಿದೇಶೀ ಆಟಗಾರರೆಲ್ಲರೂ ಹೊಸಬರು. ಅವರಲ್ಲಿ ಆಡ್ರಿಯನ್ ಲೂನಾ ಒಬ್ಬರು. ಈ ಸಲ 20 ಪಂದ್ಯಗಳಿಗೆ 34 ಅಂಕ! 2022ರ ಮಾರ್ಚ್ 20ರಂದು ಗೋವೆಯಲ್ಲಿ ನಡೆದ ಫೈನಲ್‌ನಲ್ಲಿ ಹೈದರಾಬಾದಿಗೆ ಪೆನಾಲ್ಟಿಯಲ್ಲಿ ಸೋತರೂ, ಡೈರೆಕ್ಟರನ್ನು ಹೊಗಳದವರಿಲ್ಲ. ಹೊಗಳಿದವರಲ್ಲಿ ನಾವೂ ಸೇರಿದ್ದೆವು.

ಆದರೆ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನಮಗೆ ಪ್ರಯೋಗಶಾಲೆಯ ಮೊದಲ ಪಾಠ ಮರೆತಿಲ್ಲ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಇಲ್ಲಿ ತರಬೇತುದಾರನೂ ಆಟಗಾರರೂ ಒಟ್ಟಿಗೇ ಬದಲಾದರು. ಬದಲಾಗದೆ ಉಳಿದವರು ಡೈರೆಕ್ಟರೊಬ್ಬರೇ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವನ್ನು ಅವಸರದಲ್ಲಿ ಹೇಳಲಾಗದು.

ಮುಂದಿನ ಲೆಕ್ಕವನ್ನೂ ವಾಚಕರು ನೋಡಬೇಕು. 2022–23ರಲ್ಲಿ 20 ಪಂದ್ಯಗಳಿಗೆ 31 ಅಂಕ, 2023–24ರಲ್ಲಿ 22 ಪಂದ್ಯಗಳಿಗೆ 33. 2024ರ ಏಪ್ರಿಲಿನಲ್ಲಿ ವುಕೊಮಾನೊವಿಚ್ ಹೊರಟುಹೋದರು. 13 ಗೋಲು ಹೊಡೆದಿದ್ದ ಡಿಮಿಟ್ರಿಯೋಸ್ ಡಿಯಮಂಟಾಕೋಸ್ ಈಸ್ಟ್ ಬೆಂಗಾಲ್ ಸೇರಿದರು. ಹೊಸ ತರಬೇತುದಾರ ಮಿಕಾಯೆಲ್ ಸ್ಟಾರೆಯವರನ್ನು ಡಿಸೆಂಬರಿನಲ್ಲಿ ತೆಗೆಯಲಾಯಿತು. 2024–25ರಲ್ಲಿ 24 ಪಂದ್ಯಗಳಿಗೆ 29 ಅಂಕ, ಎಂಟನೆಯ ಸ್ಥಾನ.

ಹಾಗಾದರೆ ಎಲ್ಲವೂ ತರಬೇತುದಾರನ ಮಹಿಮೆಯೇ? ಹಾಗೆನ್ನುವವರಿಗೆ ನಮ್ಮ ಪ್ರಶ್ನೆ: ಅಂಥ ತರಬೇತುದಾರನನ್ನು ಹುಡುಕುವುದು ಯಾರ ಕೆಲಸ? ಒಳ್ಳೆಯವನು ಬಂದಾಗ ಡೈರೆಕ್ಟರಿಗೆ ಪಾಲು ಕೊಡುವುದಾದರೆ, ಹೊಂದದವನು ಬಂದಾಗಲೂ ಅವರ ಹೆಸರಿಗೇ ಖರ್ಚು ಹಾಕಬೇಕು. ಜಮೆ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಖಾತೆಗೆ ಎಂಬುದು ನ್ಯಾಯವಾದ ಲೆಕ್ಕವಲ್ಲ. ಮಾಲೀಕರ ಹಣದ ಚೀಲದ ಅಳತೆಯನ್ನೂ ಮರೆಯಬಾರದು. ಕಡತದ ಕೊನೆಯ ಸಹಿಯನ್ನಷ್ಟೇ ನೋಡಿ, ಒಳಗಿನ ಟಿಪ್ಪಣಿ ಯಾರದೆಂದು ಕೇಳದೆ ಕೀರ್ತಿ ಹಂಚುವ ಪದ್ಧತಿ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ತಿರುವನಂತಪುರದ ಒಬ್ಬ ಹಿರಿಯರ ನೆನಪಾಗುತ್ತದೆ. ಕರ್ನಲ್ ಜಿ. ವಿ. ರಾಜಾ 1954ರಲ್ಲಿ ಅಲ್ಲಿ ಕ್ರೀಡಾ ಮಂಡಳಿಯನ್ನು ಕಟ್ಟಿದರು. 1971ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೇರಳ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದದ್ದು 1973ರ ಡಿಸೆಂಬರಿನಲ್ಲಿ, ಎರ್ನಾಕುಳಂನಲ್ಲಿ. ರೈಲ್ವೆ ತಂಡದ ಮೇಲೆ 3–2. ಮೂರು ಗೋಲುಗಳೂ ನಾಯಕ ಮಣಿಯವರವು. ಕಲಿಸಿದವರು ಒಲಿಂಪಿಕ್ ಆಟಗಾರ ಸೈಮನ್ ಸುಂದರರಾಜ್. ಆ ದಿನದ ಹೂಮಾಲೆ ಅವರಿಗೇ ಸಲ್ಲಬೇಕು. ರಾಜಾ ಆ ತಂಡವನ್ನು ಆರಿಸಿದವರಲ್ಲ. ಆದರೆ ಅವರು ಕಟ್ಟಿದ ಸಂಸ್ಥೆ ಅವರ ನಂತರವೂ ನಿಂತಿತು. ಕೇರಳದ ಕ್ರೀಡೆಗೆ ನೆರಳಾಯಿತು.

ನಮ್ಮ ತೀರ್ಮಾನ ಇಷ್ಟು. ಲೂನಾನಂಥ ಆಟಗಾರ, ವುಕೊಮಾನೊವಿಚ್‌ರಂಥ ಗುರು ಬಂದ ಕಾಲದ ಏಳಿಗೆಯಲ್ಲಿ ಸ್ಕಿನ್ಕಿಸ್‌ರಿಗೆ ನಿಜವಾದ ಪಾಲಿದೆ. ಅದನ್ನು ಈಗಿನ ಸಿಟ್ಟಿನಲ್ಲಿ ಕಸಿಯಬಾರದು. ಆದರೆ ಆ ಗುರು ಹೋದೊಡನೆ ಕಟ್ಟಡ ಕುಸಿದದ್ದರಿಂದ ಪೂರ್ತಿ ಪಾಲು ಸಲ್ಲದು. 2022ರಲ್ಲಿ ನಾವು ಕೊಟ್ಟ ಹೊಗಳಿಕೆಯಲ್ಲಿ ಅರ್ಧವನ್ನು ಉಳಿಸಿಕೊಂಡು, ಅರ್ಧವನ್ನು ಹಿಂದಕ್ಕೆ ಪಡೆಯುತ್ತೇವೆ. ಆಟಗಾರನನ್ನು ಪಂದ್ಯದ ದಿನವೇ ಅಳೆಯಬಹುದು. ವ್ಯವಸ್ಥಾಪಕನನ್ನು ಅಳೆಯಲು ಅವನು ತಂದವರೆಲ್ಲ ಹೋದ ಮೇಲೆ ಏನು ಉಳಿಯಿತೆಂದು ನೋಡಬೇಕು.