ಶಾಸನೋಲ್ಲೇಖ: ಸಂಖ್ಯೆ ಮತ್ತು ಆವೃತ್ತಿ

ಶ್ರವಣಬೆಳಗೊಳವನ್ನು ಕುರಿತ ವಿದ್ಯಾರ್ಥಿಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ, ಸಂ. 2, ಶಾ. 54’ ಎಂಬಷ್ಟನ್ನೇ ನಾವು ಮೇಲಿಂದ ಮೇಲೆ ಕಾಣುತ್ತೇವೆ. ಇದು ಯಾವ ಶಾಸನ? ರೈಸ್ ಅವರ 1889ರ ಸಂಪುಟದಲ್ಲಿ 54ನೆಯದು ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿ. ಆರ್. ನರಸಿಂಹಾಚಾರ್ಯರು 1923ರಲ್ಲಿ ಸಂಪುಟವನ್ನು ಪರಿಷ್ಕರಿಸಿದಾಗ ಅದೇ ಪ್ರಶಸ್ತಿ 67ನೆಯದಾಯಿತು. ಮೊದಲು 144 ಇದ್ದ ಶಾಸನಗಳು ಆಗ 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಸಂಖ್ಯೆಗಳು ಕದಲದೆ ಇರುವುದೆಂತು? ಆವೃತ್ತಿಯನ್ನು ಹೇಳದ ಟಿಪ್ಪಣಿ ಓದುಗನನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸುತ್ತದೆ.

ಇದಕ್ಕಿಂತಲೂ ಚಿಂತೆಗೆ ಕಾರಣವಾದುದು ಎರವಲು ಟಿಪ್ಪಣಿ. 1889ರ ಸಂಪುಟವನ್ನು ಕಣ್ಣಿನಿಂದಲೂ ಕಾಣದವರು ಯಾರದೋ ಗ್ರಂಥದಿಂದ ಅದರ ಸಂಖ್ಯೆಯನ್ನು ಎತ್ತಿಕೊಂಡು, ಪಾಠವನ್ನು ಮಾತ್ರ ಹೊಸ ಆವೃತ್ತಿಯಿಂದ ಕೊಡುತ್ತಾರೆ. ಪಾಠ ಒಂದರದು, ಸಾಕ್ಷಿ ಇನ್ನೊಂದರದು! (ಹಿರಿಯರ ಗ್ರಂಥಗಳೂ ಈ ದೋಷಕ್ಕೆ ಹೊರತಲ್ಲ.) ಒಂದು ಪಾಠಾಂತರವನ್ನೇ ನೆಚ್ಚಿ ಗುರುಪರಂಪರೆಯ ಕ್ರಮವನ್ನು ನಿರ್ಣಯಿಸುವ ಕಡೆ ಇದು ಸಣ್ಣ ಮಾತಲ್ಲ. ಪರರ ಗ್ರಂಥದಲ್ಲಿ ಕಂಡುದನ್ನು ‘ಇಂಥವರು ಉದ್ಧರಿಸಿರುವಂತೆ’ ಎಂದು ಬರೆಯುವುದರಲ್ಲಿ ನಾಚಿಕೆಗೆ ಎಡೆಯೇ ಇಲ್ಲ. ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನೂ ಕಂಸದೊಳಗೆ ಕೊಟ್ಟಿದ್ದಾರೆ. ಆವೃತ್ತಿಯ ವರ್ಷದೊಡನೆ ಎರಡನ್ನೂ ಬರೆದರೆ ಟಿಪ್ಪಣಿಯಲ್ಲಿ ಅರ್ಧ ಪಂಕ್ತಿಯೂ ಹೆಚ್ಚಾಗದು.